ಪ್ಲಸ್ಸಿಗೂ ಮೈನಸ್ಸಿಗೂ ನಡುವಿನ ಮಣ್ಣು

ಗಣೇಶನನ್ನು ನೀರಿಗೆ ಬಿಟ್ಟು ವಾರವಾಗಿತ್ತು. ಮೂರ್ತಿ ಮಾಡಲೆಂದು ತಂದ ಜೇಡಿಮಣ್ಣಿನಲ್ಲಿ ಎರಡು ಹಿಡಿಯಷ್ಟು ಉಳಿದಿತ್ತು. ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ ಬಚ್ಚಲ ಮೂಲೆಗೆ ಇಟ್ಟಿದ್ದೆವು. ಅದನ್ನು ಅರಿಶಿನದ ನೀರಿನಲ್ಲಿ ಕಲಸಿ ಒಂದು ಪ್ಲಾಸ್ಟಿಕ್ ಡಬ್ಬಿಗೆ ಒತ್ತಿ ತುಂಬಿದೆ. ಹಳೇ ಟಾರ್ಚಿನ ಸೆಲ್ಲುಗಳನ್ನು ಒಡೆದು ತೆಗೆದ ಎರಡು ಕಾರ್ಬನ್ ಕಡ್ಡಿಗಳನ್ನು ಡಬ್ಬಿಯ ಎರಡು ತುದಿಗೆ ಚುಚ್ಚಿ, ಕೆಟ್ಟುಹೋದ ರೂಟರಿನ 12 ವೋಲ್ಟ್ ಅಡಾಪ್ಟರಿನ ವೈರು ಕತ್ತರಿಸಿ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆಲ್ಲ ಮೈನಸ್ ಕಡ್ಡಿಯ ಬುಡದಲ್ಲಿ ಹಳದಿ ಮಣ್ಣು ಕೆಂಪಾಗತೊಡಗಿತು. "ಅಪ್ಪಾ, ಆರತಿ ನೀರು!" ಎಂದಳು ಮಗಳು. ಚಿಟಿಕೆ ಸುಣ್ಣವನ್ನೂ ಹಾಕದೆ ಅರಿಶಿನ ಕೆಂಪಾಗಿತ್ತು.

ಬೆಳಿಗ್ಗೆ ಎದ್ದು ನೋಡಿದರೆ ಪ್ಲಸ್ ಕಡ್ಡಿಯ ಸುತ್ತ ಮಣ್ಣು ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದಿತ್ತು. ಮೈನಸ್ ಕಡ್ಡಿಯ ಸುತ್ತ ಮಾತ್ರ ಬೆರಳಿಟ್ಟರೆ ಪಿಚಕ್ಕೆನ್ನುವಷ್ಟು ಒದ್ದೆ. ಡಬ್ಬಿಯನ್ನು ಯಾರೂ ವಾಲಿಸಿರಲಿಲ್ಲ. ರಾತ್ರಿಯಿಡೀ ನೀರು ಒಂದು ಕಡೆಯಿಂದ ಇನ್ನೊಂದು ಕಡೆಗೆ ನಡೆದುಹೋಗಿತ್ತು.

ಈ ನಡಿಗೆಯನ್ನು ಮೊದಲು ಕಂಡವನು ಮಾಸ್ಕೋದಲ್ಲಿ ಪ್ರೊಫೆಸರನಾಗಿದ್ದ ರಾಯ್ಸ್. ವೋಲ್ಟಾ ತನ್ನ ಬ್ಯಾಟರಿಯನ್ನು ಜಗತ್ತಿಗೆ ತೋರಿಸಿದ್ದು 1800ರಲ್ಲಿ. ರಾಯ್ಸ್ ತನ್ನ ಪ್ರಯೋಗಗಳ ವಿವರ ಪ್ರಕಟಿಸಿದ್ದು 1809ರಲ್ಲಿ. ಒದ್ದೆ ಜೇಡಿಮಣ್ಣಿನ ಮುದ್ದೆಗೆ ಎರಡು ಗಾಜಿನ ಕೊಳವೆ ಊರಿ, ಎರಡಕ್ಕೂ ನೀರು ತುಂಬಿ, ಬ್ಯಾಟರಿಯ ತಂತಿಗಳನ್ನು ಇಳಿಬಿಟ್ಟ. ಪ್ಲಸ್ ಕೊಳವೆಯೊಳಗೆ ಮಣ್ಣಿನ ಕಣಗಳು ಮೇಲೆದ್ದು ನೀರು ಕದಡಿತು; ಮೈನಸ್ ಕೊಳವೆಯಲ್ಲಿ ನೀರಿನ ಮಟ್ಟ ಏರಿತು. ಮಣ್ಣು ಒಂದು ದಿಕ್ಕಿಗೆ, ನೀರು ಇನ್ನೊಂದು ದಿಕ್ಕಿಗೆ. ಮನೆಯ ಅಡಾಪ್ಟರಿನಲ್ಲಿ ನಾನು ಮಾಡಿದ್ದು ಇನ್ನೂರು ವರ್ಷ ಹಳೆಯ ಆಟ, ಅಷ್ಟೇ. (ನೀವೂ ಮಾಡಿ ನೋಡುವುದಾದರೆ ಅಡಾಪ್ಟರ್ ಅಥವಾ ಬ್ಯಾಟರಿ ಸಾಕು. ಗೋಡೆಯ ಪ್ಲಗ್ಗಿನಿಂದ ನೇರವಾಗಿ ವೈರು ಎಳೆಯಬೇಡಿ. ಕಿಟಕಿ ತೆರೆದಿಡಿ.)

ನೀರು ನಡೆಯುವುದಕ್ಕೆ ಕಾರಣ ಜೇಡಿಕಣದ ಗುಣದಲ್ಲಿದೆ. ಅದರ ಮೈಮೇಲೆ ಋಣ ವಿದ್ಯುದಂಶ ಇರುತ್ತದೆ. ಅದಕ್ಕೆ ಅಂಟಿಕೊಂಡಂತೆ, ಕಣದ ಸುತ್ತಲಿನ ತೆಳು ನೀರಿನ ಪೊರೆಯಲ್ಲಿ ಸೋಡಿಯಂ, ಕ್ಯಾಲ್ಸಿಯಂನಂಥ ಧನ ಅಯಾನುಗಳು ಗುಂಪುಗೂಡಿರುತ್ತವೆ. ಮೈನಸ್ ಕಡ್ಡಿ ಈ ಗುಂಪನ್ನು ತನ್ನತ್ತ ಎಳೆಯುತ್ತದೆ. ಹಗ್ಗ ಹಿಡಿದವರು ನಡೆದರೆ ತೇರೂ ನಡೆಯುವಂತೆ, ಅಯಾನುಗಳ ಹಿಂದೆ ನೀರೂ ಎಳೆಸಿಕೊಂಡು ಹೋಗುತ್ತದೆ. ಇದಕ್ಕೆ ಎಲೆಕ್ಟ್ರೋ-ಆಸ್ಮಾಸಿಸ್ ಎಂದು ಹೆಸರು. ಇದರ ಜೊತೆಗೇ ನೀರಿನಲ್ಲಿ ಕರಗಿದ ಅಯಾನುಗಳು ಕೂಡ ತಂತಮ್ಮ ಎದುರು ಧ್ರುವಕ್ಕೆ ಹೊರಡುತ್ತವೆ: ಸೀಸ, ಕ್ಯಾಡ್ಮಿಯಂ, ಸತುಗಳು ಮೈನಸ್ಸಿಗೆ, ಕ್ರೋಮೇಟ್, ನೈಟ್ರೇಟ್‌ನಂಥವು ಪ್ಲಸ್ಸಿಗೆ.

ನೆಲದೊಳಗಿನ ವಿಷ ತೆಗೆಯುವವರಿಗೆ ಈ ಆಟ ಬೇಕಾಗಿದ್ದು ಜೇಡಿಮಣ್ಣಿನ ಹಟದಿಂದ. ಮರಳು ನೆಲದಲ್ಲಿ ವಿಷ ಸೇರಿದರೆ ಬಾವಿ ಕೊರೆದು ನೀರೆತ್ತಿ ತೊಳೆಯಬಹುದು. ಜೇಡಿಯಲ್ಲಿ ಅದು ಸಾಧ್ಯವಿಲ್ಲ. ಮಣ್ಣಿನ ರಂಧ್ರ ಹತ್ತು ಪಟ್ಟು ಕಿರಿದಾದರೆ ಒತ್ತಡದಿಂದ ಹರಿಯುವ ನೀರಿನ ವೇಗ ನೂರು ಪಟ್ಟು ಕುಸಿಯುತ್ತದೆ. ಒಳ್ಳೆಯ ಬಿಗಿ ಜೇಡಿಯಲ್ಲಿ ನೀರು ತನ್ನ ಭಾರಕ್ಕೆ ತಾನು ಇಳಿದರೆ ವರ್ಷಕ್ಕೆ ಮೂರು ಸೆಂಟಿಮೀಟರ್ ಆಚೀಚೆ. ಕೆರೆಯ ಏರಿಯ ಗರ್ಭಕ್ಕೆ ನಮ್ಮ ಹಿರಿಯರು ಜೇಡಿ ತುಂಬಿ ತುಳಿಯುತ್ತಿದ್ದುದು ಈ ಗುಣಕ್ಕೇ ಅಲ್ಲವೆ? ಆದರೆ ವಿದ್ಯುತ್ತಿನ ಎಳೆತ ರಂಧ್ರದ ಗೋಡೆಯ ಅಂಚಿನಲ್ಲೇ ಕೆಲಸ ಮಾಡುವುದರಿಂದ ರಂಧ್ರ ಕಿರಿದೋ ಹಿರಿದೋ ಎಂಬುದು ಅದಕ್ಕೆ ಅಷ್ಟಾಗಿ ಲೆಕ್ಕಕ್ಕಿಲ್ಲ. ಸೆಂಟಿಮೀಟರಿಗೆ ಒಂದು ವೋಲ್ಟ್ ಕೊಟ್ಟರೆ, ಅಂದರೆ ಒಂದು ಮೀಟರ್ ಅಂತರದ ಎರಡು ಎಲೆಕ್ಟ್ರೋಡ್‌ಗಳ ನಡುವೆ ನೂರು ವೋಲ್ಟ್ ಕೊಟ್ಟರೆ, ಅದೇ ಜೇಡಿಯಲ್ಲಿ ನೀರು ದಿನಕ್ಕೆ ಸುಮಾರು ಒಂದು ಸೆಂಟಿಮೀಟರ್ ಸಾಗುತ್ತದೆ. ಕಿರುಬೆರಳಿನ ಅಗಲ. ಕೇಳಲು ಹಾಸ್ಯಾಸ್ಪದ ವೇಗ. ಆದರೆ ಮೂರು ವರ್ಷದ ಕೆಲಸ ಹತ್ತು ದಿನಕ್ಕೆ ಇಳಿಯಿತು.

ಈ ಉಪಾಯವನ್ನು ಮಣ್ಣು ಸುಧಾರಿಸಲು ಬಳಸಿದ ಮೊದಲ ವರದಿಗಳಲ್ಲೊಂದು ನಮ್ಮ ಉಪಖಂಡದ್ದೇ ಎಂಬುದು ನನಗೆ ಬಹಳ ತಡವಾಗಿ ತಿಳಿಯಿತು. 1936ರಲ್ಲಿ, ಅವಿಭಜಿತ ಪಂಜಾಬಿನಿಂದ ಎ. ಎನ್. ಪುರಿ ಮತ್ತು ಬಿ. ಆನಂದ್ ಕ್ಷಾರ ನೆಲಕ್ಕೆ ವಿದ್ಯುತ್ ಹಾಯಿಸಿ ಸೋಡಿಯಂ ಹೊರಗೆಳೆದ ಪ್ರಯೋಗ ಪ್ರಕಟಿಸಿದರು. ಮೈನಸ್ ಕಡೆಯಿಂದ ಬಸಿದುಬಂದ ನೀರು ಕಾಸ್ಟಿಕ್ ಸೋಡಾ ದ್ರಾವಣವಾಗಿತ್ತು. ಕಾಲುವೆ ನೀರು ಹರಿಸಿ ಹರಿಸಿ ಬೆಳ್ಳಗಾದ ಪಂಜಾಬಿನ ಹೊಲಗಳು ಅವರ ಕಣ್ಣೆದುರಿಗಿದ್ದವು. ತುಂಗಭದ್ರಾ ಅಚ್ಚುಕಟ್ಟಿನಲ್ಲಿ ಸವಳು ಹತ್ತಿದ ನೆಲ ಕಂಡವರಿಗೆ ಆ ಬಿಳುಪಿನ ಪರಿಚಯ ಬೇಡ. ಹಾಗಾದರೆ ನಮ್ಮ ರೈತರು ಹೊಲಕ್ಕೆ ಕರೆಂಟು ಕೊಡಲಿಲ್ಲವೇಕೆ? ಜಿಪ್ಸಂ ಚೀಲ ಅಗ್ಗ. ಬಸಿಗಾಲುವೆ ಇನ್ನೂ ಅಗ್ಗ. ಎಕರೆಗಟ್ಟಲೆ ನೆಲಕ್ಕೆ ಎಲೆಕ್ಟ್ರೋಡ್ ಊರುವ ಖರ್ಚು ಯಾವ ಬೆಳೆಯಿಂದಲೂ ಹುಟ್ಟುವುದಿಲ್ಲ. ವಿಜ್ಞಾನ ಸರಿಯಿದ್ದೂ ಲೆಕ್ಕ ಸರಿಹೋಗದ ಕತೆಗಳ ಕಪಾಟಿಗೆ ಪುರಿಯವರ ಪ್ರಬಂಧವೂ ಸೇರಿತು. ಅತ್ತ ಜರ್ಮನಿಯಲ್ಲಿ ಲಿಯೋ ಕಾಸಗ್ರಾಂಡೆ ಎಂಬ ಎಂಜಿನಿಯರ್ ಅದೇ ಕಾಲದಲ್ಲಿ, ರೈಲು ಹಾದಿಗಾಗಿ ಕಡಿದ ಕೆಸರು ದಿಬ್ಬಗಳು ಕುಸಿಯದಂತೆ ಕರೆಂಟು ಹಾಯಿಸಿ ನೀರು ಹಿಂಡಿ ಗಟ್ಟಿ ಮಾಡುತ್ತಿದ್ದ. ಆತನಿಗೆ ವಿಷದ ಚಿಂತೆಯಿರಲಿಲ್ಲ, ದಿಬ್ಬ ನಿಂತರಾಯಿತು.

ವಿಷದ ಚಿಂತೆ ಗಟ್ಟಿಯಾಗಿ ಶುರುವಾಗಿದ್ದು 1980ರ ದಶಕದಿಂದೀಚೆಗೆ. ನೆದರ್‌ಲೆಂಡ್ಸ್‌ನಲ್ಲಿ ಬಣ್ಣದ ಕಾರ್ಖಾನೆಯ ಹಳೇ ಜಾಗದಲ್ಲಿ ಸೀಸ, ತಾಮ್ರ ಎಳೆದರು. ಆದರೆ ನನಗೆ ಅಚ್ಚುಮೆಚ್ಚಿನ ಪ್ರಸಂಗ ಅಮೆರಿಕದ ಕೆಂಟಕಿ ರಾಜ್ಯದ ಪಡೂಕಾ ಎಂಬ ಊರಿನದು. ಅಲ್ಲಿ ಯುರೇನಿಯಂ ಸಂವರ್ಧಿಸುವ ಕಾರ್ಖಾನೆಯಿತ್ತು. ಯುರೇನಿಯಂ ತುಂಬುವ ಉಕ್ಕಿನ ಸಿಲಿಂಡರುಗಳು ಕೊರೆಯುವ ಚಳಿಯಲ್ಲಿ ಕೈಜಾರಿ ಬಿದ್ದರೆ ಒಡೆಯುತ್ತವೆಯೇ ಎಂದು ಪರೀಕ್ಷೆ ಮಾಡಬೇಕಿತ್ತು. ಅದಕ್ಕಾಗಿ ಒಂದು ಕಾಂಕ್ರೀಟ್ ಗುಂಡಿಯಲ್ಲಿ ಟ್ರೈಕ್ಲೋರೋಎಥಿಲೀನ್ ಎಂಬ ದ್ರಾವಕ ತುಂಬಿ, ಅದಕ್ಕೆ ಡ್ರೈ ಐಸ್ ಸುರಿದು, ಸಿಲಿಂಡರನ್ನು ಅದರಲ್ಲಿ ಅದ್ದಿ ತಣ್ಣಗಾಗಿಸಿ, ಮೇಲಕ್ಕೆತ್ತಿ ದೊಪ್ಪನೆ ಕೆಡವುತ್ತಿದ್ದರು. ಸಿಲಿಂಡರುಗಳ ಗತಿ ಏನಾಯಿತೋ, ಗುಂಡಿಯಂತೂ ಸೋರಿತು. ಗ್ರೀಸ್ ತೊಳೆಯಲು ಲೋಕವೆಲ್ಲ ಬಳಸುತ್ತಿದ್ದ ಆ ದ್ರಾವಕ, ಕ್ಯಾನ್ಸರ್ ತರುವಂಥದ್ದು, ಕೆಳಗಿನ ಜೇಡಿಯಲ್ಲಿ ಕೂತುಬಿಟ್ಟಿತು.

1995ರಲ್ಲಿ ಮೊನ್ಸಾಂಟೊ, ಡ್ಯೂಪಾಂಟ್, ಜನರಲ್ ಎಲೆಕ್ಟ್ರಿಕ್ ಕಂಪನಿಗಳು ಅಲ್ಲಿನ ಸರ್ಕಾರಿ ಇಲಾಖೆಗಳ ಜೊತೆಗೂಡಿ ಆ ಜೇಡಿಗೆ ಕರೆಂಟು ಕೊಟ್ಟವು. ವಿಧಾನಕ್ಕೆ ಇಟ್ಟ ಹೆಸರು ಲಸಾನ್ಯ, ಪದರ ಪದರವಾಗಿ ಬೇಯಿಸುವ ಇಟಲಿಯ ತಿಂಡಿಯದು. ನೆಲದಲ್ಲೂ ಪದರಗಳೇ: ಒಂದು ಎಲೆಕ್ಟ್ರೋಡ್ ಗೋಡೆ, ನಡುವೆ ಸಾಲಾಗಿ ಶುದ್ಧಿ ಮಾಡುವ ಗೋಡೆಗಳು, ಕೊನೆಗೆ ಇನ್ನೊಂದು ಎಲೆಕ್ಟ್ರೋಡ್. ಮೊದಲ ಸುತ್ತಿನಲ್ಲಿ ನಡುವಿನ ಗೋಡೆಗೆ ಆಕ್ಟಿವೇಟೆಡ್ ಕಾರ್ಬನ್ ತುಂಬಿದ್ದರು. ನಾಲ್ಕು ತಿಂಗಳಲ್ಲಿ ಅಷ್ಟು ಜಾಗದ ದ್ರಾವಕದಲ್ಲಿ ಶೇ. 98ರಷ್ಟು ಹೋಯಿತು. ಮುಂದಿನ ಸುತ್ತುಗಳಲ್ಲಿ ಕಬ್ಬಿಣದ ಪುಡಿ ಹಾಕಿದರು. ವಿದ್ಯುತ್ತು ಎಳೆದು ತಂದ ದ್ರಾವಕ ಕಬ್ಬಿಣಕ್ಕೆ ತಾಗಿದೊಡನೆ ಅದರ ಕ್ಲೋರಿನ್ ಕಳಚಿ, ವಿಷ ವಿಷವಾಗಿ ಉಳಿಯಲಿಲ್ಲ. 1999ರ ಕೊನೆಯಿಂದ ಎರಡು ವರ್ಷ ಪೂರ್ಣ ಪ್ರಮಾಣದಲ್ಲಿ ನಡೆಸಿ ಜಾಗವನ್ನು ಶುಚಿ ಮಾಡಿದರು. ಇಡೀ ಯೋಜನೆಯಲ್ಲಿ ನನಗೆ ಜಾಣತನ ಕಂಡದ್ದು ಕರೆಂಟಿನಲ್ಲಲ್ಲ, ಆ ಕಬ್ಬಿಣದ ಗೋಡೆಯಲ್ಲಿ. ವಿಷವನ್ನು ಎಳೆದು ತರುವುದಕ್ಕೆ ಮೊದಲೇ ಅದರ ಅಂತ್ಯಕ್ರಿಯೆಗೆ ಜಾಗ ಗೊತ್ತು ಮಾಡಿದ್ದರು.

ಲೋಹಗಳಿಗೆ ಆ ಅಂತ್ಯಕ್ರಿಯೆ ಇಲ್ಲ. ದ್ರಾವಕವನ್ನು ಒಡೆಯಬಹುದು, ಬಣ್ಣದ ಕಾರ್ಖಾನೆಯ ಡೈಯನ್ನೂ ವಿದ್ಯುತ್ತಿನಿಂದ ಸೀಳಬಹುದು. ಸೀಸವನ್ನು ಎಷ್ಟು ಒಡೆದರೂ ಸೀಸವೇ. ಹೆಚ್ಚೆಂದರೆ ಅದನ್ನು ಕರೆದು ಒಂದೆಡೆ ಕೂರಿಸಬಹುದು. ಕೂರಿಸುವುದೂ ಸುಲಭವಲ್ಲ. ನನ್ನ ಅರಿಶಿನದ ಡಬ್ಬಿಗೆ ಬನ್ನಿ. ಪ್ಲಸ್ ಕಡ್ಡಿಯ ಬಳಿ ನೀರು ಒಡೆದು ಆಮ್ಲ ಹುಟ್ಟುತ್ತದೆ, ಮೈನಸ್ ಕಡ್ಡಿಯ ಬಳಿ ಕ್ಷಾರ. ಅರಿಶಿನ ಕೆಂಪಾದದ್ದು ಆ ಕ್ಷಾರಕ್ಕೆ. ಹುಣಸೆಹಣ್ಣು ತಿಕ್ಕಿದರೆ ತಾಮ್ರದ ಚೊಂಬಿನ ಕಿಲುಬು ಕರಗುವಂತೆ, ಪ್ಲಸ್ಸಿನಿಂದ ಹೊರಟ ಆಮ್ಲ ಮಣ್ಣಿಗೆ ಅಂಟಿದ ಲೋಹವನ್ನು ಬಿಡಿಸುತ್ತ ಬರುತ್ತದೆ. ಇದು ಒಳ್ಳೆಯದೇ. ಎದುರಿನಿಂದ ಕ್ಷಾರ ಬರುತ್ತದೆ. ಎರಡೂ ಸೇರುವ ಗಡಿಯಲ್ಲಿ, ಅಷ್ಟು ದೂರ ಪಯಣಿಸಿ ಬಂದ ಲೋಹ ಗರಣೆಗಟ್ಟಿ ಮಣ್ಣಿನ ರಂಧ್ರ ಮುಚ್ಚಿ ಕೂತುಬಿಡುತ್ತದೆ. ಊರಿನ ಬಾಗಿಲಿಗೆ ಬಂದು ಮುಗ್ಗರಿಸಿದಂತೆ. ಇದನ್ನು ತಪ್ಪಿಸಲು ಮೈನಸ್ ಬಾವಿಗೆ ಅಸಿಟಿಕ್ ಅಥವಾ ಸಿಟ್ರಿಕ್ ಆಮ್ಲ, ಎಂದರೆ ನಮ್ಮ ವಿನೆಗರ್, ನಿಂಬೆಯ ಹುಳಿ, ಹನಿಸುತ್ತಿರಬೇಕು.

ಕ್ರೋಮಿಯಂ ಇನ್ನೂ ತರಲೆ. ಅದರ ಕೆಟ್ಟ ರೂಪವಾದ ಕ್ರೋಮಿಯಂ-6 ನೀರಿನಲ್ಲಿ ಕ್ರೋಮೇಟ್ ಆಗಿ ಋಣ ಅಯಾನಿನ ವೇಷ ಹಾಕಿರುತ್ತದೆ. ಅದು ಪ್ಲಸ್ಸಿಗೆ ಹೊರಡುತ್ತದೆ, ನೀರು ಮೈನಸ್ಸಿಗೆ ಹೊರಡುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನೆಲದೊಳಗೆ ಹಳೇ ಕಬ್ಬಿಣದ ಪೈಪೋ ಕೇಬಲ್ಲೋ ಇದ್ದರೆ ಕರೆಂಟು ಆ ಸಲೀಸಾದ ದಾರಿ ಹಿಡಿದು ಮಣ್ಣನ್ನು ಮರೆತೇಬಿಡುತ್ತದೆ. ಒಂದೊಂದು ಮಣ್ಣಿಗೂ ಒಂದೊಂದು ಸ್ವಭಾವ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ವಿ. ಶಿವಪುಲ್ಲಯ್ಯ ಅವರು ಲೋಹ ಬೆರೆತ, ಉಬ್ಬುವ ಜಾತಿಯ ಮಣ್ಣಿನಲ್ಲಿ ಈ ನೀರಿನ ನಡಿಗೆಯನ್ನು ಅಳೆದು ನೋಡಿದ್ದು ಇದಕ್ಕೇ. ಈಚೆಗೆ ಚೀನಾದ ಗುವಾಂಗ್‌ಝೌ ವಿಜ್ಞಾನಿಗಳು ಇದೇ ತಂತ್ರವನ್ನು ತಿರುಗಿಸಿ, ಮಣ್ಣಿನಿಂದ ವಿಷದ ಬದಲು ಬೆಲೆಬಾಳುವ ವಿರಳ ಭಸ್ಮ ಲೋಹಗಳನ್ನು ಎಳೆಯುತ್ತಿದ್ದಾರೆ. ಲಾಭ ಬರುವ ಲೋಹವಾದರೆ ಖರ್ಚಿನ ಮಾತು ಯಾರೂ ಎತ್ತುವುದಿಲ್ಲ ನೋಡಿ.

ಮಣ್ಣಿಗೆ ಸೇರುವ ಮೊದಲೇ, ಇನ್ನೂ ನೀರಿನಲ್ಲಿರುವಾಗಲೇ ಹಿಡಿದರೆ? ಕಳೆದ ವರ್ಷ ಬೆಂಗಳೂರಿನ ಪೀಣ್ಯದಲ್ಲಿ ಪರಿಚಯದವರೊಬ್ಬರ ಪ್ಲೇಟಿಂಗ್ ಶಾಪಿಗೆ ಹೋಗಿದ್ದೆ. ಎರಡು ಮನೆಯಷ್ಟಗಲದ ಶೆಡ್ಡು. ಕ್ರೋಮ್ ಟ್ಯಾಂಕಿನಲ್ಲಿ ಕುದಿಸಿದ ಬೆಲ್ಲದ ಪಾಕದ ಬಣ್ಣದ ದ್ರಾವಣ. ಹುಡುಗನೊಬ್ಬ ಜಿಗ್ಗಿಗೆ ನಲ್ಲಿಯ ಬಿಡಿಭಾಗ ತೂಗುಹಾಕಿ ಅದ್ದುತ್ತಾನೆ, ರೆಕ್ಟಿಫೈಯರ್ ಗುಂಯ್‌ಗುಡುತ್ತದೆ, ಎತ್ತುತ್ತಾನೆ, ಸೋರುತ್ತಿರುವ ಹಾಗೆಯೇ ಪಕ್ಕದ ತೊಳೆಯುವ ಟ್ಯಾಂಕಿಗೆ ಅದ್ದುತ್ತಾನೆ. ಹೊಳೆಯುವ ಮಾಲು ಮುಂದೆ ಹೋಗುತ್ತದೆ, ಹಳದಿ ನೀರು ಹಿಂದೆ ಉಳಿಯುತ್ತದೆ. ಸಾಮಾನ್ಯವಾಗಿ ಅದಕ್ಕೆ ಆಮ್ಲ, ಬೈಸಲ್ಫೈಟ್ ಹಾಕಿ, ಮೇಲೆ ಸುಣ್ಣ ಸುರಿದು ಕ್ರೋಮಿಯಂ ಇಳಿಸುತ್ತಾರೆ. ಈ ಶಾಪಿನ ಮೂಲೆಯಲ್ಲಿ ಬೇರೊಂದು ತೊಟ್ಟಿ ಇತ್ತು: ಪುಸ್ತಕದ ಹಾಳೆಗಳಂತೆ ಹತ್ತಿರ ಹತ್ತಿರ ನಿಲ್ಲಿಸಿದ ಕಬ್ಬಿಣದ ತಗಡುಗಳು, ಅವಕ್ಕೆ ಇನ್ನೊಂದು ಹಳೇ ರೆಕ್ಟಿಫೈಯರಿನ ವೈರು. ಹಳದಿ ನೀರು ಅದರೊಳಗೆ ಹೊಕ್ಕು, ನೊರೆಯೆದ್ದು, ಹಸಿರುಮಿಶ್ರಿತ ಕಂದು ಗಸಿಯಾಗಿ ಈಚೆ ಬರುತ್ತಿತ್ತು. "ಮೆರುಗು ಕೊಡೋದೂ ಕರೆಂಟೇ, ಮೈಲಿಗೆ ತೊಳೆಯೋದೂ ಕರೆಂಟೇ ಸಾರ್" ಎಂದರು ಯಜಮಾನರು.

ಇದಕ್ಕೆ ಎಲೆಕ್ಟ್ರೋಕೊಯಾಗ್ಯುಲೇಷನ್ ಎನ್ನುತ್ತಾರೆ. ನಾನು ಕರೆಂಟಿನ ಪಟಿಕ ಎಂದು ಕರೆಯುತ್ತೇನೆ. ಹೊಸದೇನಲ್ಲ. 1880ರ ದಶಕದ ಕೊನೆಗೇ ಲಂಡನ್ನಿನ ಕ್ರಾಸ್‌ನೆಸ್ ಎಂಬಲ್ಲಿ ವಿಲಿಯಂ ವೆಬ್‌ಸ್ಟರ್ ಕಬ್ಬಿಣದ ತಗಡುಗಳ ನಡುವೆ ಊರಿನ ಕೊಳಚೆ ಹರಿಸಿ ತೋರಿಸಿದ್ದ. ಪ್ಲಸ್ ತಗಡು ಕರಗಿ ಕಬ್ಬಿಣದ ಅಯಾನುಗಳನ್ನು ನೀರಿಗೆ ಬಿಡುತ್ತದೆ. ಅವು ಕ್ರೋಮಿಯಂ-6ನ್ನು ಕಡಿಮೆ ವಿಷದ ಕ್ರೋಮಿಯಂ-3ಕ್ಕೆ ಇಳಿಸಿ, ತಾವು ತುಕ್ಕಿನ ಗರಣೆಯಾಗಿ, ಅದನ್ನು ಒಡಲಲ್ಲಿ ಕಟ್ಟಿಕೊಂಡು ತಳ ಸೇರುತ್ತವೆ. ಮೈನಸ್ ತಗಡಿನಿಂದ ಏಳುವ ಹೈಡ್ರೋಜನ್ ಗುಳ್ಳೆಗಳು ಒಂದಿಷ್ಟನ್ನು ಮೇಲಕ್ಕೂ ತೇಲಿಸುತ್ತವೆ.

ಲೆಕ್ಕ ಹಾಕಿ ನೋಡೋಣ. ಲೀಟರಿಗೆ 50 ಮಿಲಿಗ್ರಾಂ ಕ್ರೋಮಿಯಂ-6 ಇರುವ ಸಾವಿರ ಲೀಟರ್ ನೀರು. ಅಂದರೆ 50 ಗ್ರಾಂ ವಿಷ. ಒಂದು ಕ್ರೋಮಿಯಂ ಪರಮಾಣುವಿಗೆ ಮೂರು ಕಬ್ಬಿಣ ಬೇಕು. ಹಾಗಾಗಿ 160 ಗ್ರಾಂ ಕಬ್ಬಿಣ ಕರಗಬೇಕು. ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಗ್ರಾಂಗಿಂತ ಒಂಚೂರು ಹೆಚ್ಚು ಕಬ್ಬಿಣ ಕರಗುತ್ತದೆ. 10 ವೋಲ್ಟ್ ಹಿಡಿದರೆ ಒಟ್ಟು ಒಂದೂವರೆ ಯೂನಿಟ್ ವಿದ್ಯುತ್ತು. ನಿಜಜೀವನದಲ್ಲಿ ಇನ್ನಷ್ಟು ಬೇಕಾದೀತು, ಆದರೂ ಕರೆಂಟು ಬಿಲ್ಲು ಯಾರನ್ನೂ ಮುಳುಗಿಸುವಂಥದ್ದಲ್ಲ. ತಗಡಿನ ಮೇಲೆ ಪದರ ಕಟ್ಟಿದಾಗ ಪ್ಲಸ್ಸು ಮೈನಸ್ಸು ಅದಲುಬದಲು ಮಾಡುತ್ತಿರಬೇಕು, ಅಷ್ಟೇ ಉಪದ್ರವ.

ಇದನ್ನು ಕುಡಿಯುವ ನೀರಿಗೂ ಇಳಿಸಿದವರಿದ್ದಾರೆ. ಪಶ್ಚಿಮ ಬಂಗಾಳದ ದಕ್ಷಿಣ 24 ಪರಗಣ ಜಿಲ್ಲೆಯ ಧಪ್‌ಧಪಿಯಲ್ಲಿ, ಒಂದು ಹೈಸ್ಕೂಲಿನ ಅಂಗಳದಲ್ಲಿ, ಕ್ಯಾಲಿಫೋರ್ನಿಯಾದ ಬರ್ಕ್ಲಿಯ ಅಶೋಕ್ ಗಾಡ್ಗೀಳ್ ಅವರ ತಂಡ ಜಾದವ್‌ಪುರ ವಿಶ್ವವಿದ್ಯಾಲಯದ ಜೊತೆ ಸೇರಿ 2016ರಲ್ಲಿ ದಿನಕ್ಕೆ 10,000 ಲೀಟರಿನ ಘಟಕ ನಿಲ್ಲಿಸಿತು. ಅಲ್ಲಿನ ಶತ್ರು ಆರ್ಸೆನಿಕ್. ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದ ಜಾಗದಲ್ಲಿ ಕೊಳವೆಬಾವಿಯ ನೀರಿನಲ್ಲಿ ಅದರ ಇಪ್ಪತ್ತು ಪಟ್ಟಿಗೂ ಮಿಕ್ಕಿ ಇತ್ತು. ಸಾದಾ ಉಕ್ಕಿನ ತಗಡು, ಸಣ್ಣ ವೋಲ್ಟೇಜು, ಹೊಸದಾಗಿ ಹುಟ್ಟಿದ ತುಕ್ಕು; ತುಕ್ಕಿಗೆ ಆರ್ಸೆನಿಕ್ ಅಂಟುತ್ತದೆ, ಪಟಿಕ ಹಾಕಿ ತಿಳಿಯಾಗಿಸಿದರೆ ಮೇಲಿನ ನೀರು ಮಕ್ಕಳ ಬಾಟಲಿಗೆ. ತಳದ ಗಸಿಯನ್ನು ಸಿಮೆಂಟು ಕಾಂಕ್ರೀಟಿನಲ್ಲಿ ಬೆರೆಸಿ ಕಟ್ಟಿಹಾಕುವ ದಾರಿಯನ್ನೂ ಆ ತಂಡ ನೋಡಿದೆ.

ತಳದ ಗಸಿ. ಮಾತು ಮತ್ತೆ ಅಲ್ಲಿಗೇ ಬಂತು. ಮೇಲಿನ ಲೆಕ್ಕವನ್ನೇ ಮುಂದುವರಿಸಿದರೆ 50 ಗ್ರಾಂ ಕ್ರೋಮಿಯಂ ಕಬ್ಬಿಣವನ್ನೂ ನೀರನ್ನೂ ಕಟ್ಟಿಕೊಂಡು, ಒಣಗಿಸಿದ ಮೇಲೂ 400 ಗ್ರಾಂ ಗಸಿಯಾಗಿ ಈಚೆ ಬರುತ್ತದೆ. ಹಸಿಯಲ್ಲಿ ತೂಗಿದರೆ ಕಿಲೋಗಟ್ಟಲೆ. ನೀರು ಶುದ್ಧವಾಯಿತು, ವಿಷ ಮಾತ್ರ ಎಂಟು ಪಟ್ಟು ಮೈ ತುಂಬಿಕೊಂಡು ಡ್ರಮ್ಮಿನಲ್ಲಿ ಕೂತಿತು. ಕಾನೂನಿನ ಲೆಕ್ಕದಲ್ಲಿ ಅದು ಅಪಾಯಕಾರಿ ತ್ಯಾಜ್ಯ, ಅದನ್ನು ಅಂಥ ತ್ಯಾಜ್ಯಕ್ಕೆಂದೇ ಕಟ್ಟಿದ ಗುಂಡಿಗೆ ಕಳಿಸಬೇಕು. ದೊಡ್ಡ ಕಾರ್ಖಾನೆ ಕಳಿಸುತ್ತದೆ. ಎರಡು ಮನೆಯಷ್ಟಗಲದ ಶೆಡ್ಡಿನವನಿಗೆ ಲಾರಿ ಬಾಡಿಗೆಯೇ ಮೈಮೇಲೆ ಬರುತ್ತದೆ. ಹೀಗಾಗಿ ತಂತ್ರಜ್ಞಾನದ ಮಾರಾಟಗಾರರು ನೀರಿನ ಮೊದಲು-ಆಮೇಲೆ ಫೋಟೋ ತೋರಿಸುವಾಗ ನಾನು ಡ್ರಮ್ಮಿನ ಫೋಟೋ ಕೇಳುತ್ತೇನೆ. ಕೊಟ್ಟವರು ಇನ್ನೂ ಸಿಕ್ಕಿಲ್ಲ.

ಪೀಣ್ಯದ ಅಂತರ್ಜಲದಲ್ಲಿ ಕ್ರೋಮಿಯಂ ಸಿಕ್ಕಿದ ಸುದ್ದಿ ಹಳೆಯದು. ಅಲ್ಲಿ ನೆಲಕ್ಕೇ ಕರೆಂಟು ಕೊಟ್ಟು ತೆಗೆಯಬಾರದೇ ಎಂದು ಓದುಗರೊಬ್ಬರು ಕೇಳಿದ್ದರು. ನನ್ನ ಅಂದಾಜಿನಲ್ಲಿ ಅದು ದುಡ್ಡು ಸುರಿಯುವ ಕೆಲಸ. ಈ ತಂತ್ರದ ಊರು ಜೇಡಿ. ಬೆಂಗಳೂರಿನಲ್ಲಿ ಕೆಂಪುಮಣ್ಣಿನ ಕೆಳಗೆ ಸಿಗುವುದು ಬಂಡೆ, ಬಂಡೆಯ ಬಿರುಕು. ಬೋರ್‌ವೆಲ್ ನೀರು ಬರುವುದೇ ಆ ಬಿರುಕುಗಳಿಂದ. ಅಷ್ಟು ಆಳಕ್ಕೆ ಇಳಿದ ಕ್ರೋಮೇಟನ್ನು ಎಲೆಕ್ಟ್ರೋಡ್ ಊರಿ ಕರೆದರೆ ಓಗೊಡುವುದು ಕಷ್ಟ. ಹೊಸದಾಗಿ ಇಳಿಯದಂತೆ ಶೆಡ್ಡಿನ ಮೂಲೆಯಲ್ಲೇ ತಡೆಯುವುದಕ್ಕೆ ಮಾತ್ರ ಆ ಕಬ್ಬಿಣದ ತಗಡಿನ ತೊಟ್ಟಿ ಲಾಯಕ್ಕು, ಅದೂ ಹತ್ತಿಪ್ಪತ್ತು ಶಾಪುಗಳು ಸೇರಿ ಗಸಿಯ ಲಾರಿಯನ್ನು ಒಟ್ಟಿಗೆ ಹೊಂದಿಸಿಕೊಂಡರೆ.

ಆ ದಿನ ಹೊರಡುವಾಗ ಯಜಮಾನರು ಶೆಡ್ಡಿನ ಹಿಂದುಗಡೆ ಕರೆದೊಯ್ದು ತೋರಿಸಿದರು. ನೀಲಿ ಡ್ರಮ್ಮುಗಳು ಒಂಬತ್ತು, ಬಾಯಿಗೆ ಪ್ಲಾಸ್ಟಿಕ್ ಹಾಳೆ ಕಟ್ಟಿ, ಮಳೆ ಬೀಳದಂತೆ ಮೇಲೊಂದು ತಗಡು. "ಹದಿನೈದಾದರೆ ಲಾರಿ ಬರ್ತದೆ ಸಾರ್. ಎಲ್ಲಾ ನೀವು ಹೇಳ್ದಂಗೇ ಆಗ್ತದೆ, ಒಂಚೂರು ಟೈಮ್ ಕೊಡಿ" ಎಂದರು. ಮೊದಲ ಡ್ರಮ್ಮಿನ ಮೇಲೆ ಮಾರ್ಕರಿನಲ್ಲಿ ಬರೆದ ತಾರೀಕಿಗೆ ಆಗಲೇ ಎಂಟು ತಿಂಗಳಾಗಿತ್ತು.